ನೀರಂಚಿನ ರೆಸಾರ್ಟಿನಲ್ಲಿ ಮಳೆನೀರು ಮತ್ತು ಚರಂಡಿ ವ್ಯವಸ್ಥೆ: ಹೊರಬಾಯಿಯಿಂದ ಹಿಂದಕ್ಕೆ ಸಾಗುವ ಸಮಗ್ರ ಮಾರ್ಗದರ್ಶಿ

ಸಮುದ್ರ, ಅಳಿವೆ, ಹಿನ್ನೀರು ಅಥವಾ ದೊಡ್ಡ ಸರೋವರದ ದಡದಲ್ಲಿ ರೆಸಾರ್ಟ್ ಕಟ್ಟಲು ಹೊರಟವರು ಮಳೆನೀರಿನ ವಿಚಾರಕ್ಕೆ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತಾರೆ. ಕಾಟೇಜು, ಈಜುಕೊಳ, ರಸ್ತೆ, ಉದ್ಯಾನ ಎಲ್ಲವೂ ನಕ್ಷೆಯಲ್ಲಿ ತಮ್ಮ ತಮ್ಮ ಜಾಗ ಹಿಡಿದ ಮೇಲೆ ಉಳಿದ ಸಂದಿಗಳಲ್ಲಿ ಚರಂಡಿಯ ಗೆರೆ ಎಳೆಯಲಾಗುತ್ತದೆ. ಪಕ್ಕದಲ್ಲೇ ಇಷ್ಟು ದೊಡ್ಡ ಜಲರಾಶಿ ಇರುವಾಗ ಮಳೆನೀರನ್ನು ಅದಕ್ಕೆ ಬಿಟ್ಟರಾಯಿತು ಎಂಬ ಭರವಸೆಯೇ ಈ ಉದಾಸೀನಕ್ಕೆ ಕಾರಣ. ಆದರೆ ಇಂತಹ ಜಾಗದಲ್ಲಿ ನೀರನ್ನು ಹೊರಕ್ಕೆ ಬಿಡುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ನೆಲ ತಗ್ಗಾಗಿರುತ್ತದೆ, ಅಂತರ್ಜಲ ಮೇಲ್ಮೈಗೆ ಹತ್ತಿರವಿರುತ್ತದೆ, ನೀರು ಸೇರಬೇಕಾದ ಜಲರಾಶಿಯ ಮಟ್ಟ ತಾನೇ ಏರಿಳಿಯುತ್ತಿರುತ್ತದೆ. ಬಹಳ ಜೋರು ಮಳೆ ಬರುವ ದಿನವೇ ಅದು ಅತಿ ಎತ್ತರಕ್ಕೆ ಏರಿರುವ ಸಂಭವವೂ ಹೆಚ್ಚು. ಹೀಗಾಗಿ ಇಲ್ಲಿನ ಹಂತಗಳು ಕಟ್ಟಡದಿಂದ ಹೊರಟು ನೀರಿನ ಕಡೆಗೆ ಹೋಗುವುದಿಲ್ಲ. ನೀರು ಹೊರಬೀಳುವ ಬಾಯಿಯ ಮಟ್ಟವನ್ನು ಮೊದಲು ನಿಗದಿ ಮಾಡಿ, ಅಲ್ಲಿಂದ ಹಿಂದಕ್ಕೆ ಬಂದು, ಕಟ್ಟಡಗಳ ನೆಲಗಟ್ಟಿನ ಎತ್ತರವನ್ನು ಕೊನೆಯಲ್ಲಿ ತೀರ್ಮಾನಿಸುತ್ತವೆ.

ಮೊದಲ ಹಂತ: ಹೊರಬಾಯಿಯ ಮಟ್ಟವನ್ನು ನಿಗದಿ ಮಾಡುವುದು

ಕಡಲ ದಡವಾದರೆ ಮೊದಲು ಬೇಕಾದದ್ದು ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರದ ಮಟ್ಟ. ಅದು ಉಬ್ಬರ-ಇಳಿತದ ಪಟ್ಟಿಯಲ್ಲಿ ಸಿಗುತ್ತದೆ. ಆದರೆ ಪಟ್ಟಿಯಲ್ಲಿರುವ ಅಂಕಿಯನ್ನು ಹಾಗೆಯೇ ನಕ್ಷೆಗೆ ಇಳಿಸಬಾರದು. ಆ ಪಟ್ಟಿಗಳು ಹಡಗು-ದೋಣಿಗಳ ಅನುಕೂಲಕ್ಕಾಗಿ ತಯಾರಾದವು. ಅವುಗಳ ಸೊನ್ನೆ, ಅಂದರೆ ಎತ್ತರ ಎಣಿಸಲು ಶುರುಮಾಡುವ ಮಟ್ಟ, ಸಾಮಾನ್ಯವಾಗಿ ಇಳಿತದಲ್ಲಿ ನೀರು ತಲುಪುವ ಅತಿ ತಗ್ಗಿನ ಮಟ್ಟದ ಹತ್ತಿರ ಇರುತ್ತದೆ. ಭೂಮಾಪನದವರು ಬಳಸುವ ಸೊನ್ನೆಯಾದರೋ ಸರಾಸರಿ ಸಮುದ್ರ ಮಟ್ಟಕ್ಕೆ ಹತ್ತಿರದ್ದು. ಈ ಎರಡು ಸೊನ್ನೆಗಳ ನಡುವಿನ ಅಂತರ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ. ಒಂದು ಜಾಗದಲ್ಲಿ ಆ ಅಂತರ 1.0 ಮೀಟರ್ ಎಂದಿಟ್ಟುಕೊಂಡರೆ, ಪಟ್ಟಿಯಲ್ಲಿ 1.8 ಮೀಟರ್ ಎಂದು ನಮೂದಾಗಿರುವ ಉಬ್ಬರ ಭೂಮಾಪನದ ಲೆಕ್ಕದಲ್ಲಿ 0.8 ಮೀಟರ್ ಮಾತ್ರ. ಈ ಪರಿವರ್ತನೆ ತಪ್ಪಿದರೆ ಮುಂದಿನ ಪ್ರತಿಯೊಂದು ಮಟ್ಟವೂ ತಪ್ಪುತ್ತದೆ, ಮತ್ತು ಆ ತಪ್ಪು ಕಾಗದದ ಮೇಲೆ ಎಲ್ಲಿಯೂ ಕಣ್ಣಿಗೆ ಬೀಳುವುದಿಲ್ಲ. ಬಂದರು ಅಥವಾ ಜಲಮಾಪನ ಇಲಾಖೆಯಿಂದ ಅಂತರವನ್ನು ಲಿಖಿತವಾಗಿ ಪಡೆಯುವುದಲ್ಲದೆ, ನಿವೇಶನದ ದಡದಲ್ಲಿಯೇ ಒಂದು ಅಳತೆಪಟ್ಟಿ ನೆಟ್ಟು, ಅದನ್ನು ಭೂಮಾಪನದವರು ಎತ್ತರ ಖಚಿತಪಡಿಸಿ ಗುರುತಿಟ್ಟ ಬೆಂಚ್‌ಮಾರ್ಕಿಗೆ ಹೊಂದಿಸಿ, ಕನಿಷ್ಠ ಒಂದು ಪೂರ್ಣ ಚಾಂದ್ರಮಾಸ ಏರಿಳಿತವನ್ನು ಬರೆದಿಡುವುದು ಒಳ್ಳೆಯದು. ಅಳಿವೆಯ ಒಳಭಾಗದಲ್ಲಿ ಉಬ್ಬರದ ಎತ್ತರವೂ ಹೊತ್ತೂ ತೆರೆದ ಕಡಲಿಗಿಂತ ಬೇರೆಯಾಗಿರುವುದರಿಂದ ಅಲ್ಲಿ ಈ ಅಳತೆಗೆ ಪರ್ಯಾಯವಿಲ್ಲ.

ಇದಕ್ಕೆ ಸಮುದ್ರ ಮಟ್ಟದ ಏರಿಕೆಯನ್ನು ಸೇರಿಸಬೇಕು. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 0.20 ಮೀಟರ್ ಏರಿದೆ. 2100ರ ಹೊತ್ತಿಗೆ, 1995–2014ರ ಮಟ್ಟಕ್ಕೆ ಹೋಲಿಸಿದರೆ, ಹೊರಸೂಸುವಿಕೆ ಅತಿ ಕಡಿಮೆಯಾದರೆ 0.28ರಿಂದ 0.55 ಮೀಟರ್, ಅತಿ ಹೆಚ್ಚಾದರೆ 0.63ರಿಂದ 1.01 ಮೀಟರ್ ಏರಿಕೆಯ ಸಂಭವವಿದೆ. ಐವತ್ತು ವರ್ಷ ಬಾಳಬೇಕಾದ ಕಟ್ಟಡಕ್ಕೆ ಅರ್ಧ ಮೀಟರ್ ಸೇರಿಸುವುದು ಅತಿಯಲ್ಲ. ಮೇಲಿನ ಉದಾಹರಣೆಯಲ್ಲಿ 0.8ಕ್ಕೆ 0.5 ಕೂಡಿ ಹೊರಬಾಯಿಯ ತಳದ ಮಟ್ಟ 1.3 ಮೀಟರ್ ಆಗುತ್ತದೆ. ಚಂಡಮಾರುತದ ಸಮಯದಲ್ಲಿ ಗಾಳಿಯ ಒತ್ತಡಕ್ಕೆ ಕಡಲು ಉಕ್ಕುವುದು ಬೇರೆಯದೇ ಲೆಕ್ಕ. ಆ ಮಟ್ಟಕ್ಕಿಂತ ಮೇಲೆ ಹೊರಬಾಯಿ ಇಡುವುದು ಬಹುತೇಕ ಕಡೆ ಸಾಧ್ಯವಾಗದು. ಆಗ ಏನು ಮಾಡಬೇಕೆಂಬುದು ಐದನೆಯ ಹಂತದ ವಿಷಯ.

ಸರೋವರ ಅಥವಾ ನದಿಯ ದಡವಾದರೆ ಉಬ್ಬರದ ಬದಲು ಪ್ರವಾಹದ ಮಟ್ಟ ಮುಖ್ಯವಾಗುತ್ತದೆ. ಅಣೆಕಟ್ಟಿನ ಹಿನ್ನೀರಾದರೆ ಪೂರ್ಣ ತುಂಬಿದ ಮಟ್ಟವನ್ನೂ, ಪ್ರವಾಹದಲ್ಲಿ ಅದಕ್ಕಿಂತ ಮೇಲೇರಲು ಬಿಡುವ ಗರಿಷ್ಠ ಮಟ್ಟವನ್ನೂ ನಿರ್ವಹಿಸುವ ಇಲಾಖೆಯಿಂದಲೇ ಕೇಳಿ ತಿಳಿಯಬೇಕು. ಉದ್ದನೆಯ ಸರೋವರಗಳಲ್ಲಿ ಒಂದೇ ದಿಕ್ಕಿಗೆ ಗಂಟೆಗಟ್ಟಲೆ ಬೀಸುವ ಗಾಳಿ ನೀರನ್ನು ಒಂದು ಬದಿಗೆ ತಳ್ಳಿ ಆ ದಡದ ಮಟ್ಟವನ್ನು ಏರಿಸುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು.

ಎರಡನೆಯ ಹಂತ: ನೆಲ, ಮಣ್ಣು ಮತ್ತು ಅಂತರ್ಜಲವನ್ನು ಓದುವುದು

ಸಮತಟ್ಟಾದ ದಡದಲ್ಲಿ ಒಂದು ಮೀಟರ್ ಅಂತರದ ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ನಕ್ಷೆಯಿಂದ ಪ್ರಯೋಜನವಿಲ್ಲ. ಇಲ್ಲಿ ಹತ್ತು-ಹದಿನೈದು ಸೆಂಟಿಮೀಟರಿನ ವ್ಯತ್ಯಾಸವೇ ನೀರು ಯಾವ ಕಡೆ ಓಡಬೇಕೆಂಬುದನ್ನು ನಿರ್ಧರಿಸುತ್ತದೆಯಾದ್ದರಿಂದ 0.2 ಅಥವಾ 0.25 ಮೀಟರ್ ಅಂತರದ ಕಾಂಟೂರ್ ತೆಗೆಸಬೇಕು. ಅಳತೆಯನ್ನು ಬೇಲಿಯ ಒಳಗೇ ನಿಲ್ಲಿಸಬಾರದು. ಹಿಂದಿನ ಗುಡ್ಡ, ರಸ್ತೆ, ತೋಟಗಳಿಂದ ನಿವೇಶನದೊಳಕ್ಕೆ ಹರಿದು ಬರುವ ನೀರು ಎಷ್ಟೋ ಸಲ ನಿವೇಶನದ ಸ್ವಂತ ಮಳೆಗಿಂತ ಹೆಚ್ಚಿರುತ್ತದೆ. ಆ ದಾರಿಯನ್ನು ಕಟ್ಟಿ ಹಾಕಿದರೆ ಮೇಲಿನವರ ಜಾಗ ಮುಳುಗುತ್ತದೆ, ಕಾನೂನಿನ ತೊಡಕೂ ಬರುತ್ತದೆ. ಆ ನೀರಿಗೆ ಪ್ರತ್ಯೇಕ ಕಾಲುವೆ ಕೊಟ್ಟು, ರೆಸಾರ್ಟಿನ ವ್ಯವಸ್ಥೆಯೊಂದಿಗೆ ಬೆರೆಸದೆ ದಾಟಿಸುವುದೇ ಸರಿಯಾದ ಕ್ರಮ.

ಅಂತರ್ಜಲದ ಮಟ್ಟವನ್ನು ಬೇಸಿಗೆಯಲ್ಲಿ ಒಮ್ಮೆ ಅಳೆದು ಬಿಡುವ ರೂಢಿ ಅಪಾಯಕಾರಿ. ಮರಳು ನೆಲದಲ್ಲಿ ಅದು ಮಳೆಗಾಲದಲ್ಲಿ ಏರುತ್ತದೆ, ದಡಕ್ಕೆ ಹತ್ತಿರವಾದಷ್ಟೂ ಉಬ್ಬರದ ಜೊತೆಗೂ ಏರಿಳಿಯುತ್ತದೆ. ದಡದಿಂದ ಬೇರೆ ಬೇರೆ ದೂರದಲ್ಲಿ ರಂಧ್ರಕೊಳವೆಗಳನ್ನು ಇಳಿಸಿ ಕನಿಷ್ಠ ಒಂದು ಮಳೆಗಾಲವಾದರೂ ಮಟ್ಟವನ್ನು ದಾಖಲಿಸಬೇಕು. ಇಂಗುಗುಂಡಿ, ಇಂಗು ಕಾಲುವೆ, ಮಳೆತೋಟ (ಮಳೆನೀರು ನಿಂತು ಇಂಗುವಂತೆ ತಗ್ಗಿಸಿದ ಗಿಡಗಳ ಪಾತಿ) ಇವುಗಳ ತಳಕ್ಕೂ ಮಳೆಗಾಲದ ಗರಿಷ್ಠ ಅಂತರ್ಜಲಕ್ಕೂ ನಡುವೆ 0.6ರಿಂದ 1.2 ಮೀಟರ್ ಒಣ ಮಣ್ಣು ಇರಬೇಕು. ಅಷ್ಟು ಅಂತರ ಸಿಗದ ಕಡೆ ಇಂಗಿಸುವ ಯೋಜನೆಯನ್ನು ಕೈಬಿಡುವುದು ಮೇಲು. ಅಂತಹ ಗುಂಡಿ ಮಳೆಗಾಲದುದ್ದಕ್ಕೂ ತುಂಬಿಯೇ ಇರುತ್ತದೆ.

ಮಣ್ಣು ನೀರನ್ನು ಎಷ್ಟು ವೇಗವಾಗಿ ಕುಡಿಯುತ್ತದೆ ಎಂಬುದನ್ನು 30 ಮತ್ತು 60 ಸೆಂಟಿಮೀಟರ್ ವ್ಯಾಸದ ಎರಡು ಉಂಗುರಗಳ ಪರೀಕ್ಷೆಯಿಂದ ಅಳೆಯಬಹುದು. ಹೊರ ಉಂಗುರದ ನೀರು ಪಕ್ಕಕ್ಕೆ ಸೋರುವುದನ್ನು ತುಂಬಿಕೊಡುವುದರಿಂದ ಒಳ ಉಂಗುರದಲ್ಲಿ ನೀರು ಇಳಿಯುವ ವೇಗವೇ ನೆಲದ ನಿಜವಾದ ವೇಗಕ್ಕೆ ಹತ್ತಿರವಿರುತ್ತದೆ. ಗಂಟೆಗೆ 13 ಮಿಲಿಮೀಟರಿಗಿಂತ ಕಡಿಮೆಯಾದರೆ ಮಣ್ಣನ್ನೇ ನಂಬುವಂತಿಲ್ಲ, ತಳದಲ್ಲಿ ತೂತಿನ ಕೊಳವೆ ಹಾಕಿ ನೀರನ್ನು ಹೊರಕ್ಕೆ ಒಯ್ಯಬೇಕು. ತೀರದ ಮೇಲ್ಪದರ ಮರಳಾಗಿದ್ದರೂ ಒಂದೆರಡು ಮೀಟರ್ ಕೆಳಗೆ ಜೇಡಿಯ ಪದರ ಇರುವುದು ಅಪರೂಪವಲ್ಲವಾದ್ದರಿಂದ ಗುಂಡಿಯ ತಳ ಬರುವ ಆಳದಲ್ಲಿಯೇ ಪರೀಕ್ಷೆ ನಡೆಯಬೇಕು.

ಕಡಲ ದಡದಲ್ಲಿ ಮಳೆನೀರು ಇಂಗಿಸುವುದರಿಂದ ಇನ್ನೊಂದು ಪ್ರಯೋಜನವೂ ಇದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತದೆ. ಘೈಬೆನ್–ಹರ್ಜ್‌ಬರ್ಗ್ ನಿಯಮದಂತೆ ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲಿರುವ ಸಿಹಿನೀರಿನ ಮಟ್ಟ, ಕೆಳಗೆ ಸುಮಾರು 40 ಮೀಟರ್ ಸಿಹಿನೀರಿನ ಪದರವನ್ನು ಎತ್ತಿ ಹಿಡಿಯುತ್ತದೆ. ಅಂತರ್ಜಲವನ್ನು ಶಾಶ್ವತವಾಗಿ ತಗ್ಗಿಸುವ ಆಳದ ಚರಂಡಿಗಳು ಈ ಲೆಕ್ಕವನ್ನೇ ತಿರುವಿ ಹಾಕಿ ಸುತ್ತಲಿನ ಬಾವಿಗಳಿಗೆ ಉಪ್ಪು ಬರಿಸಬಲ್ಲವು.

ಮೂರನೆಯ ಹಂತ: ಎಷ್ಟು ನೀರು ಬರುತ್ತದೆ ಎಂಬ ಲೆಕ್ಕ

ಕೆಲವೇ ಹೆಕ್ಟೇರಿನ ಜಾಗಕ್ಕೆ ಹತ್ತೊಂಬತ್ತನೆಯ ಶತಮಾನದಿಂದ ಬಳಕೆಯಲ್ಲಿರುವ ರ್‍ಯಾಷನಲ್ ವಿಧಾನವೇ ಸಾಕು. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಹೋಗುವ ಪಾಲು), ಗಂಟೆಗೆ ಮಿಲಿಮೀಟರಿನಲ್ಲಿ ಮಳೆಯ ತೀವ್ರತೆ, ಹೆಕ್ಟೇರಿನಲ್ಲಿ ವಿಸ್ತೀರ್ಣ ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಘನ ಮೀಟರಿನಲ್ಲಿ ಗರಿಷ್ಠ ಹರಿವು ಸಿಗುತ್ತದೆ.

ಎರಡು ಹೆಕ್ಟೇರಿನ ಒಂದು ಭಾಗವನ್ನು ತೆಗೆದುಕೊಳ್ಳೋಣ. ಅದರಲ್ಲಿ ಚಾವಣಿ 0.5 ಹೆಕ್ಟೇರ್, ಗುಣಾಂಕ 0.9, ರಸ್ತೆ ಮತ್ತು ವಾಹನ ನಿಲುಗಡೆ 0.4 ಹೆಕ್ಟೇರ್, ಗುಣಾಂಕ 0.85, ಕಾಲುದಾರಿ ಮತ್ತು ಕಲ್ಲುಹಾಸು 0.2 ಹೆಕ್ಟೇರ್, ಗುಣಾಂಕ 0.7, ಮರಳುಮಣ್ಣಿನ ಉದ್ಯಾನ 0.9 ಹೆಕ್ಟೇರ್, ಗುಣಾಂಕ 0.15. ಎಲ್ಲವನ್ನೂ ಗುಣಿಸಿ ಕೂಡಿದರೆ 1.065 ಬರುತ್ತದೆ. ಗಂಟೆಗೆ 100 ಮಿಲಿಮೀಟರ್ ತೀವ್ರತೆಯ ಮಳೆಯಲ್ಲಿ ಹರಿವು ಸೆಕೆಂಡಿಗೆ 0.296 ಘನ ಮೀಟರ್, ಅಂದರೆ ಸುಮಾರು 300 ಲೀಟರ್. ಅದೇ ಜಾಗ ಕಟ್ಟಡಗಳಿಲ್ಲದೆ ಪೂರ್ತಿ ಹಸಿರಾಗಿದ್ದಾಗ ಹರಿಯುತ್ತಿದ್ದದ್ದು ಸುಮಾರು 83 ಲೀಟರ್. ನಿರ್ಮಾಣದಿಂದ ಹರಿವು ಮೂರೂವರೆ ಪಟ್ಟು ಆಯಿತು ಎಂಬ ಈ ಹೋಲಿಕೆಯನ್ನು ಯೋಜನೆಯ ಮಾಲೀಕರ ಮುಂದಿಡುವುದು ಅಗತ್ಯ, ಏಕೆಂದರೆ ಕಲ್ಲುಹಾಸನ್ನು ಕಡಿಮೆ ಮಾಡಿ ಎಂದು ಹೇಳಲು ಇದಕ್ಕಿಂತ ಒಳ್ಳೆಯ ವಾದ ಸಿಗುವುದಿಲ್ಲ.

ಮಳೆಯ ತೀವ್ರತೆಯನ್ನು ಆ ಪ್ರದೇಶದ ಮಳೆಮಾಪನ ಕೇಂದ್ರದ ದಾಖಲೆಗಳಿಂದ ತಯಾರಾದ, ಎಷ್ಟು ಹೊತ್ತಿನ ಎಷ್ಟು ಜೋರಿನ ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂದು ತೋರಿಸುವ ತೀವ್ರತೆ–ಅವಧಿ–ಆವರ್ತನ ರೇಖೆಗಳಿಂದಲೇ ತೆಗೆದುಕೊಳ್ಳಬೇಕು. ದಿನದ ಮಳೆಯನ್ನು 24ರಿಂದ ಭಾಗಿಸಿ ಪಡೆದ ಅಂಕಿ ಯಾವ ಕೆಲಸಕ್ಕೂ ಬಾರದು. ನಿವೇಶನದ ದೂರದ ಮೂಲೆಯಿಂದ ಹೊರಬಾಯಿಗೆ ನೀರು ತಲುಪಲು ಹಿಡಿಯುವ ಸಮಯ ಹದಿನೈದು ನಿಮಿಷವಾದರೆ ಹದಿನೈದು ನಿಮಿಷದ ಮಳೆಯ ತೀವ್ರತೆ ಬೇಕು. ಇಪ್ಪತ್ತೈದು ವರ್ಷಕ್ಕೊಮ್ಮೆಯ ಮಳೆ ಎಂಬ ಮಾತಿನಿಂದ ಯಾರೂ ಸಮಾಧಾನಪಟ್ಟುಕೊಳ್ಳಬಾರದು: ಪ್ರತಿವರ್ಷ ಅದರ ಸಂಭವ ಶೇಕಡಾ 4 ಎಂದಾದರೆ, ಇಪ್ಪತ್ತೈದು ವರ್ಷಗಳಲ್ಲಿ ಅದು ಒಮ್ಮೆಯಾದರೂ ಬರುವ ಸಂಭವ ಶೇಕಡಾ 64.

ನಾಲ್ಕನೆಯ ಹಂತ: ಮಟ್ಟಗಳ ಲೆಕ್ಕ, ಕೊಳವೆಯೋ ಹುಲ್ಲುಗಾಲುವೆಯೋ ಎಂಬ ಆಯ್ಕೆ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ. ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಹೊರಬಾಯಿಯ ತಳ 1.3 ಮೀಟರ್. ಒಳಗಿನ ಮೊದಲ ಚೇಂಬರ್ 150 ಮೀಟರ್ ದೂರದಲ್ಲಿದೆ. ಅಲ್ಲಿ ನೆಲದ ಮಟ್ಟ 2.4 ಮೀಟರ್.

ನೆಲದಡಿಯ ಕಾಂಕ್ರೀಟ್ ಕೊಳವೆ ಹಾಕುವುದಾದರೆ 300 ಲೀಟರ್ ಹರಿವಿಗೆ 600 ಮಿಲಿಮೀಟರ್ ವ್ಯಾಸ ಬೇಕು. 300ಕ್ಕೆ 1ರ ವಾಟದಲ್ಲಿ ಅದು, ಆಕಾರ, ವಾಟ ಮತ್ತು ಒರಟುತನದಿಂದ ಹರಿವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಂತೆ, ಸುಮಾರು 350 ಲೀಟರ್ ಒಯ್ಯುತ್ತದೆ. 150 ಮೀಟರಿಗೆ ಅರ್ಧ ಮೀಟರ್ ಏರಿಕೆಯಾದ್ದರಿಂದ ಚೇಂಬರಿನಲ್ಲಿ ಕೊಳವೆಯ ತಳ 1.8 ಮೀಟರ್, ಅದರ ಮೇಲೆ ಕೊಳವೆಯ ವ್ಯಾಸ 0.6, ಕೊಳವೆಯ ದಪ್ಪ ಮತ್ತು ವಾಹನದ ಭಾರ ತಾಳುವಷ್ಟು ಮಣ್ಣಿನ ಹೊದಿಕೆ ಸೇರಿ ಇನ್ನೂ 0.7 ಅಥವಾ 0.8. ನೆಲ 3.1 ಮೀಟರಿಗಿಂತ ಮೇಲಿರಬೇಕು. ಇರುವುದು 2.4. ಇಲ್ಲಿಯೇ ಅನೇಕರು ನಿವೇಶನವನ್ನೆಲ್ಲ ಮುಕ್ಕಾಲು ಮೀಟರ್ ಮಣ್ಣು ತುಂಬಿ ಎತ್ತರಿಸುವ ನಿರ್ಧಾರಕ್ಕೆ ಬರುತ್ತಾರೆ, ಇಲ್ಲವೇ ಯಾರಿಗೂ ಹೇಳದೆ ಹೊರಬಾಯಿಯನ್ನು ಉಬ್ಬರದ ಮಟ್ಟದ ಕೆಳಗೆ ಇಳಿಸುತ್ತಾರೆ. ಮೊದಲನೆಯದು ದುಬಾರಿ ಮತ್ತು ನೆರೆಯವರಿಗೆ ಹಾನಿಕರ, ಎರಡನೆಯದರಿಂದ ದಿನಕ್ಕೆರಡು ಬಾರಿ ಕೊಳವೆಯೊಳಗೆ ಉಪ್ಪುನೀರೂ ಹೂಳೂ ಸೇರುತ್ತವೆ.

ಅದೇ ಹರಿವನ್ನು ತಳದಲ್ಲಿ ಒಂದು ಮೀಟರ್ ಅಗಲ, ಎರಡೂ ಬದಿ ಒಂದಕ್ಕೆ ಮೂರರ ಇಳಿಜಾರು ಇರುವ ಹುಲ್ಲುಗಾಲುವೆಯಲ್ಲಿ ಹರಿಸಿದರೆ ಏನಾಗುತ್ತದೆ ನೋಡಿ. ಅದೇ 300ಕ್ಕೆ 1ರ ವಾಟದಲ್ಲಿ, ಹುಲ್ಲಿನ ಒರಟುತನದ ಅಂಕಿ 0.035 ಎಂದಿಟ್ಟರೆ, ನೀರು 30 ಸೆಂಟಿಮೀಟರ್ ಆಳದಲ್ಲಿ ಹರಿದಾಗ ಅದು ಸುಮಾರು 318 ಲೀಟರ್ ಒಯ್ಯುತ್ತದೆ, ವೇಗ ಸೆಕೆಂಡಿಗೆ 0.56 ಮೀಟರ್. ಹೊರಬಾಯಿಯ 1.3, ವಾಟಕ್ಕೆ 0.5, ನೀರಿನ ಆಳ 0.3, ಮೇಲೆ ಬಿಡುವ ಖಾಲಿ ಅಂಚು 0.15 ಎಲ್ಲ ಸೇರಿ 2.25 ಮೀಟರ್ ಮಾತ್ರ. ಮಣ್ಣು ತುಂಬದೆಯೇ 2.4 ಮೀಟರಿನ ನೆಲಕ್ಕೆ ಹೊಂದಿಕೊಳ್ಳುತ್ತದೆ. ಇದಕ್ಕೆ ಕೊಡಬೇಕಾದ ಬೆಲೆ ಜಾಗ: ಅಂಚುಗಳೂ ಸೇರಿ ಸುಮಾರು ಮೂರೂಮುಕ್ಕಾಲು ಮೀಟರ್ ಅಗಲದ ಪಟ್ಟಿಯನ್ನು ನಕ್ಷೆಯಲ್ಲಿ ಮೊದಲೇ ಕಾಯ್ದಿರಿಸಬೇಕು. ಕಾಟೇಜುಗಳ ನಡುವೆ ಇಂತಹ ಪಟ್ಟಿ ಹಸಿರು ಓಣಿಯಾಗಿ ಒಪ್ಪುತ್ತದೆ, ಕಾಲುದಾರಿ ದಾಟುವ ಕಡೆ ಚಿಕ್ಕ ಮೋರಿ ಅಥವಾ ಮರದ ಸೇತುವೆ ಹಾಕಬಹುದು. 0.035 ಎಂಬ ಅಂಕಿ ಕತ್ತರಿಸಿದ ಗಿಡ್ಡ ಹುಲ್ಲಿಗೆ ಮಾತ್ರ ಸಲ್ಲುತ್ತದೆ. ಹುಲ್ಲು ಮೊಣಕಾಲೆತ್ತರ ಬೆಳೆದರೆ ಒರಟುತನ ಎರಡು ಪಟ್ಟಿಗೂ ಮೀರಿ ಏರಿ ಕಾಲುವೆಯ ಸಾಮರ್ಥ್ಯ ಅರ್ಧಕ್ಕಿಳಿಯಬಹುದು. ತೋಟಗಾರಿಕೆಯವರಿಗೆ ಈ ವಿಷಯ ತಿಳಿಸಿರಬೇಕು.

ಸಮತಟ್ಟಾದ ನೀರಂಚಿನಲ್ಲಿ ಕೊಳವೆ ಅಪವಾದವಾಗಿರಬೇಕು, ತೆರೆದ ಕಾಲುವೆ ನಿಯಮವಾಗಿರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತೆರೆದ ಕಾಲುವೆಯಲ್ಲಿ ಕಸ ಕಟ್ಟಿದರೆ ಕಾಣುತ್ತದೆ, ಕೊಳವೆಯಲ್ಲಿ ಕಟ್ಟಿದರೆ ಊಟದ ಕೋಣೆಗೆ ನೀರು ಬಂದ ಮೇಲೆ ತಿಳಿಯುತ್ತದೆ.

ಕಾಲುವೆಯ ಮಟ್ಟ ನಿಂತ ಮೇಲೆ ಉಳಿದವು ಸುಲಭ. ಕಟ್ಟಡದ ಸುತ್ತ ಮೊದಲ ಮೂರು ಮೀಟರಿನಲ್ಲಿ ಶೇಕಡಾ 5, ಕಲ್ಲುಹಾಸಿನಲ್ಲಿ ಶೇಕಡಾ 1ರಿಂದ 2, ಹುಲ್ಲುಹಾಸಿನಲ್ಲಿ ಶೇಕಡಾ 2ರ ವಾಟ ಹೊರಮುಖವಾಗಿ ಇರಲಿ. ಕಟ್ಟಡದ ನೆಲಗಟ್ಟು ಸಮೀಪದ ಪ್ರವಾಹದ ಗರಿಷ್ಠ ಮಟ್ಟಕ್ಕಿಂತ 0.3ರಿಂದ 0.6 ಮೀಟರ್ ಮೇಲಿರಲಿ.

ಐದನೆಯ ಹಂತ: ಹೊರಬಾಯಿ ಮುಳುಗಿದಾಗ

ನೆಲ ಇನ್ನೂ ತಗ್ಗಾಗಿದ್ದರೆ, ಅಥವಾ ಬಿರುಗಾಳಿಗೆ ಕಡಲು ಉಕ್ಕಿದಾಗ, ಹೊರಬಾಯಿ ನೀರಿನಡಿ ಹೋಗುತ್ತದೆ. ಆಗ ಎರಡು ಕೆಲಸ ಆಗಬೇಕು: ಹೊರಗಿನ ನೀರು ಒಳಬರಬಾರದು, ಒಳಗಿನ ನೀರಿಗೆ ತಾತ್ಕಾಲಿಕವಾಗಿ ನಿಲ್ಲಲು ಜಾಗ ಇರಬೇಕು.

ಮೊದಲನೆಯದಕ್ಕೆ ಏಕಮುಖ ಕವಾಟ. ಕೀಲಿನ ಮೇಲೆ ತೂಗುವ ಲೋಹದ ಫ್ಲ್ಯಾಪ್ ಕವಾಟ ಅಗ್ಗ, ಆದರೆ ಕೀಲು ತುಕ್ಕು ಹಿಡಿಯುತ್ತದೆ, ಒಂದು ಕಡ್ಡಿ ಸಿಕ್ಕಿಕೊಂಡರೂ ಅರೆತೆರೆದು ನಿಲ್ಲುತ್ತದೆ. ಬಾತುಕೋಳಿಯ ಕೊಕ್ಕಿನ ಆಕಾರದ ರಬ್ಬರ್ ಕವಾಟದಲ್ಲಿ ಕೀಲೇ ಇಲ್ಲದ ಕಾರಣ ಉಪ್ಪುನೀರಿನಲ್ಲಿ ಅದು ಹೆಚ್ಚು ವಿಶ್ವಾಸಾರ್ಹ. ಎರಡರ ಮೇಲೂ ಚಿಪ್ಪುಜೀವಿಗಳು ಕೂರುತ್ತವೆ, ಎರಡಕ್ಕೂ ನಿಯತವಾದ ಶುಚಿ ಬೇಕು. ಕವಾಟವನ್ನು ದಡದ ತುದಿಯಲ್ಲಿ ಅಲೆಗಳ ಹೊಡೆತಕ್ಕೆ ಒಡ್ಡುವ ಬದಲು ಸ್ವಲ್ಪ ಒಳಗಿನ ಚೇಂಬರಿನಲ್ಲಿ ಕೂರಿಸಿದರೆ ಒಬ್ಬ ಕೆಲಸಗಾರ ಸುರಕ್ಷಿತವಾಗಿ ಇಳಿದು ಅದನ್ನು ನೋಡಬಹುದು.

ಎರಡನೆಯದಕ್ಕೆ ಸಂಗ್ರಹ ಬೇಕು. ದಿನಕ್ಕೆ ಎರಡು ಉಬ್ಬರ ಬರುವ ಕಡಲಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅದರಲ್ಲಿ ಮೂರು ಗಂಟೆ ಕವಾಟ ಮುಚ್ಚಿರುತ್ತದೆ ಎಂದುಕೊಳ್ಳೋಣ. ಆ ಮೂರು ಗಂಟೆ, ಗಂಟೆಗೆ ಸರಾಸರಿ 25 ಮಿಲಿಮೀಟರಿನಂತೆ ಮಳೆ ಸುರಿದರೆ ಒಟ್ಟು 75 ಮಿಲಿಮೀಟರ್. ನಮ್ಮ ಉದಾಹರಣೆಯ ಭಾಗದಿಂದ ಸುಮಾರು 800 ಘನ ಮೀಟರ್ ನೀರು ಬಂದು ಸೇರುತ್ತದೆ. ಅರ್ಧ ಮೀಟರ್ ಬಳಸಬಹುದಾದ ಆಳದ ಕೊಳವಾದರೆ ಅದಕ್ಕೆ 1,600 ಚದರ ಮೀಟರ್ ಜಾಗ ಬೇಕು. ದೊಡ್ಡದೆನಿಸಿದರೂ ಇದನ್ನು ಒಂದೇ ಕೊಳವಾಗಿ ಮಾಡಬೇಕಿಲ್ಲ. ತಗ್ಗಿಸಿದ ಹುಲ್ಲುಮೈದಾನ, ಆಟದ ಅಂಗಳ, ವಾಹನ ನಿಲುಗಡೆಯ ಒಂದು ಅಂಚು ಇವೆಲ್ಲ ಕೆಲವು ಗಂಟೆ ಹತ್ತು-ಹದಿನೈದು ಸೆಂಟಿಮೀಟರ್ ನೀರು ಹೊರಬಲ್ಲವು. ನೀರು ನಿಲ್ಲುವ ಯಾವ ಜಾಗವೂ 72 ಗಂಟೆಯೊಳಗೆ ಪೂರ್ತಿ ಬರಿದಾಗಬೇಕು. ಸೊಳ್ಳೆಯ ಮೊಟ್ಟೆ ಬೆಳೆದು ರೆಕ್ಕೆ ಬರಲು ಬೆಚ್ಚನೆಯ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು.

ಸಂಗ್ರಹವನ್ನು ನೆಲದಡಿಯ ತೊಟ್ಟಿಯಾಗಿ ಮಾಡುವವರು ತೇಲುವಿಕೆಯನ್ನು ಲೆಕ್ಕ ಹಾಕಲೇಬೇಕು. ಹೊರ ಅಳತೆಯಲ್ಲಿ 5 ಮೀಟರ್ ಉದ್ದ, 4 ಮೀಟರ್ ಅಗಲ, 2.5 ಮೀಟರ್ ಎತ್ತರದ ಕಾಂಕ್ರೀಟ್ ತೊಟ್ಟಿ ಅಂತರ್ಜಲದಲ್ಲಿ ಪೂರ್ತಿ ಮುಳುಗಿದಾಗ ಅದನ್ನು 50 ಟನ್ ಬಲ ಮೇಲಕ್ಕೆ ಒತ್ತುತ್ತದೆ. ಎಲ್ಲ ಬದಿಗೂ 20 ಸೆಂಟಿಮೀಟರ್ ದಪ್ಪವಿದ್ದರೆ ಕಾಂಕ್ರೀಟಿನ ತೂಕ ಸುಮಾರು 36 ಟನ್ ಮಾತ್ರ. ತೊಟ್ಟಿ ಖಾಲಿಯಿದ್ದಾಗ, ಅಂದರೆ ಮಳೆಗೆ ಸಿದ್ಧವಾಗಿದ್ದಾಗಲೇ, ಅದು ನೆಲ ಬಿಟ್ಟು ಏಳುತ್ತದೆ. ತಳಹದಿಯನ್ನು ಗೋಡೆಯಿಂದ ಹೊರಕ್ಕೆ ಚಾಚಿ ಮೇಲಿನ ಮಣ್ಣಿನ ಭಾರವನ್ನು ಸೇರಿಸಿಕೊಳ್ಳುವುದು ಸಾಮಾನ್ಯ ಪರಿಹಾರ.

ಪಂಪನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಯೋಚಿಸಿ. ವಿದ್ಯುತ್ ಹೋಗುವುದೂ ಬಿರುಮಳೆ ಬರುವುದೂ ಒಂದೇ ರಾತ್ರಿ. ಹಾಕಲೇಬೇಕಾದರೆ ಎರಡು ಪಂಪುಗಳಿರಲಿ, ಒಂದೇ ಪಂಪ್ ಪೂರ್ಣ ಹರಿವನ್ನು ಎತ್ತುವಂತಿರಲಿ, ಜನರೇಟರು ಮತ್ತು ವಿದ್ಯುತ್ ಫಲಕ ಪ್ರವಾಹದ ಮಟ್ಟಕ್ಕಿಂತ ಮೇಲಿರಲಿ.

ಆರನೆಯ ಹಂತ: ಲೆಕ್ಕ ಮೀರಿದ ಮಳೆಗೆ ದಾರಿ

ಎಷ್ಟೇ ದೊಡ್ಡ ಕಾಲುವೆ ಮಾಡಿದರೂ ಅದನ್ನು ಮೀರುವ ಮಳೆ ಒಂದು ದಿನ ಬರುತ್ತದೆ. ಆ ದಿನ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ವಿನ್ಯಾಸಕರು ಹೇಳದಿದ್ದರೆ ನೀರೇ ಹೇಳುತ್ತದೆ. ಪ್ರತಿಯೊಂದು ಕೊಳಕ್ಕೂ, ತಗ್ಗಿಗೂ, ಚೇಂಬರಿಗೂ ಒಂದು ಕೋಡಿ ಇರಬೇಕು, ಕೋಡಿಯ ನೀರು ಯಾವ ಕಟ್ಟಡದ ಬಾಗಿಲನ್ನೂ ಮುಟ್ಟದೆ ದಡ ತಲುಪುವ ದಾರಿ ನಕ್ಷೆಯ ಮೇಲೆ ಬಣ್ಣದಲ್ಲಿ ಗುರುತಾಗಿರಬೇಕು. ರಸ್ತೆಯನ್ನೇ ಈ ದಾರಿಯಾಗಿ ಬಳಸಬಹುದು, ಅದು ಸುತ್ತಲಿನ ನೆಲಕ್ಕಿಂತ ತಗ್ಗಿದ್ದರೆ. ಇಂತಹ ದಾರಿಗೆ ಅಡ್ಡವಾಗಿ ಮುಂದೆ ಯಾರೋ ಕಾಂಪೌಂಡ್ ಗೋಡೆ, ವೇದಿಕೆ ಅಥವಾ ಹೂವಿನ ಕಟ್ಟೆ ಕಟ್ಟುವುದೇ ಹೆಚ್ಚಿನ ಅನಾಹುತಗಳ ಮೂಲ.

ಏಳನೆಯ ಹಂತ: ಬಿದ್ದಲ್ಲೇ ತಡೆಯುವುದು

ಹರಿವನ್ನು ಕಡಿಮೆ ಮಾಡುವ ಉಪಾಯಗಳನ್ನು ಇಷ್ಟು ಕೆಳಗೆ ಇಟ್ಟಿರುವುದಕ್ಕೆ ಕಾರಣವಿದೆ. ಅವು ಸಣ್ಣ ಮತ್ತು ಮಧ್ಯಮ ಮಳೆಗಳಲ್ಲಿ ಬಹಳ ಕೆಲಸ ಮಾಡುತ್ತವೆ, ಆದರೆ ನೆನೆದ ನೆಲದ ಮೇಲೆ ಬೀಳುವ ಭಾರೀ ಮಳೆಯಲ್ಲಿ ಅವನ್ನು ನಂಬಿ ಕಾಲುವೆಯನ್ನು ಚಿಕ್ಕದು ಮಾಡಬಾರದು.

200 ಚದರ ಮೀಟರ್ ಚಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ, ನಷ್ಟ ಕಳೆದು ಸುಮಾರು 8,500 ಲೀಟರ್ ಸಿಗುತ್ತದೆ. ಶೌಚಾಲಯ ಮತ್ತು ಉದ್ಯಾನಕ್ಕೆ ಅದು ಒಳ್ಳೆಯ ನೀರು. ಮಳೆತೋಟದಲ್ಲಿ 15ರಿಂದ 30 ಸೆಂಟಿಮೀಟರ್ ನೀರು ನಿಲ್ಲುವ ಆಳ, ಕೆಳಗೆ 60ರಿಂದ 90 ಸೆಂಟಿಮೀಟರ್ ಮರಳುಮಿಶ್ರಿತ ಮಣ್ಣು ಇರಲಿ. ಗಿಡಗಳು ಉಪ್ಪುಗಾಳಿಯನ್ನೂ, ಕೆಲಕಾಲ ನೀರು ನಿಲ್ಲುವುದನ್ನೂ, ತಿಂಗಳುಗಟ್ಟಲೆ ಒಣಗುವುದನ್ನೂ ತಾಳಬೇಕಾದ್ದರಿಂದ ಅದೇ ತೀರದಲ್ಲಿ ತಾನಾಗಿ ಬೆಳೆಯುವ ಜಾತಿಗಳೇ ಉತ್ತಮ. ನೀರಿಳಿಯುವ ಕಲ್ಲುಹಾಸು ಸೊಗಸಾದ ವಸ್ತು, ಆದರೆ ಗಾಳಿಗೆ ಮರಳು ಹಾರಿ ಬೀಳುವ ಕಡೆ ಅದರ ರಂಧ್ರಗಳು ಬೇಗನೆ ಮುಚ್ಚುತ್ತವೆ. ಅಲ್ಲಿ ಹಲಗೆಗಳ ನಡುವೆ ಸಂದಿ ಬಿಟ್ಟು ನೆಲದಿಂದ ಎತ್ತರಿಸಿದ ಮರದ ನಡೆದಾರಿ ಹೆಚ್ಚು ಬಾಳುತ್ತದೆ.

ಎಂಟನೆಯ ಹಂತ: ಯಾವ ನೀರು ಎಲ್ಲಿಗೆ ಎಂಬ ವಿಂಗಡಣೆ

ಒಳಚರಂಡಿ ಮತ್ತು ಮಳೆನೀರಿನ ಚರಂಡಿ ಎಲ್ಲಿಯೂ ಸೇರಬಾರದು ಎಂಬುದು ಎಲ್ಲರಿಗೂ ಗೊತ್ತು. ರೆಸಾರ್ಟಿನಲ್ಲಿ ಅವು ಸೇರುವುದು ಸಣ್ಣ ಸಣ್ಣ ಜಾಗಗಳಲ್ಲಿ: ಅಡುಗೆಮನೆಯ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಕಟ್ಟೆ, ಕಸದ ಡಬ್ಬಿಗಳನ್ನು ತೊಳೆಯುವ ಮೂಲೆ, ಬಟ್ಟೆ ಒಗೆಯುವ ಘಟಕದ ಹೊರಗಿನ ನಲ್ಲಿ. ಇವುಗಳ ಮೇಲೆ ಚಾವಣಿ ಹಾಕಿ, ನೆಲವನ್ನು ಒಳಮುಖ ವಾಟ ಮಾಡಿ, ಜಿಡ್ಡು ತಡೆಯುವ ತೊಟ್ಟಿಯ ಮೂಲಕ ಒಳಚರಂಡಿಗೆ ಜೋಡಿಸಬೇಕು. ಈಜುಕೊಳದ ಫಿಲ್ಟರ್ ತೊಳೆದ ನೀರೂ ಒಳಚರಂಡಿಗೇ ಹೋಗಬೇಕು. ಕ್ಲೋರಿನ್ ಇರುವ ಕೊಳದ ನೀರನ್ನು ಮಳೆಗಾಲುವೆಗೆ ಬಿಟ್ಟರೆ ಅದು ನೇರವಾಗಿ ಮೀನು, ಹವಳ, ಕಡಲಹುಲ್ಲುಗಳಿಗೆ ತಲುಪುತ್ತದೆ.

ಮಳೆಯ ಮೊದಲ 25 ಮಿಲಿಮೀಟರಿನಷ್ಟು ನೀರು ನೆಲದ ಮೇಲಿನ ಎಣ್ಣೆ, ಧೂಳು, ಗೊಬ್ಬರವನ್ನು ಹೆಚ್ಚಾಗಿ ಹೊತ್ತು ತರುತ್ತದೆ. ವಾಹನ ನಿಲುಗಡೆಯ ಈ ಭಾಗವನ್ನು ಎಣ್ಣೆ ಬೇರ್ಪಡಿಸುವ ತೊಟ್ಟಿ ಅಥವಾ ಮಳೆತೋಟದ ಮೂಲಕ ಹಾಯಿಸಿ, ಉಳಿದದ್ದನ್ನು ಪಕ್ಕದ ದಾರಿಯಲ್ಲಿ ಕಳುಹಿಸಬೇಕು. ಹುಲ್ಲುಹಾಸಿಗೆ ಮಳೆಗಾಲದ ಹೊಸ್ತಿಲಲ್ಲಿ ರಾಸಾಯನಿಕ ಗೊಬ್ಬರ ಹಾಕುವುದನ್ನು ನಿಲ್ಲಿಸುವುದು ಯಾವ ಯಂತ್ರಕ್ಕಿಂತಲೂ ಅಗ್ಗದ ಶುದ್ಧೀಕರಣ.

ಒಂಬತ್ತನೆಯ ಹಂತ: ದಡ, ತಡೆಗೋಡೆ ಮತ್ತು ಹೊರಬಾಯಿಯ ಕಟ್ಟಡ

ಕಾಂಡ್ಲಾ (ಮ್ಯಾಂಗ್ರೋವ್), ತೀರದ ಪೊದೆ, ಮರಳುದಿಬ್ಬ ಇರುವಲ್ಲಿ ಅವನ್ನು ಹಾಗೆಯೇ ಉಳಿಸಿ ಹೊರಬಾಯಿಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕು. ಮರಳುದಿಬ್ಬವನ್ನು ಸೀಳಿ ಕೊಳವೆ ಹೊರತೆಗೆದರೆ ಆ ಸೀಳೇ ಬಿರುಗಾಳಿಯ ದಿನ ಕಡಲಿಗೆ ಒಳದಾರಿಯಾಗುತ್ತದೆ. ಹೊರಬಾಯಿಯ ಮುಂದೆ ಜಿಯೋಟೆಕ್ಸ್‌ಟೈಲ್ ಬಟ್ಟೆಯ (ನೀರನ್ನು ಬಿಟ್ಟು ಮಣ್ಣನ್ನು ತಡೆಯುವಂಥದ್ದು) ಮೇಲೆ ಕಲ್ಲುಗಳ ಪಿಚಿಂಗ್, ಅಂದರೆ ಒತ್ತಾಗಿ ಜೋಡಿಸಿದ ಹೊದಿಕೆ, ಹಾಸಿ ನೀರಿನ ರಭಸವನ್ನು ಮುರಿಯಬೇಕು. ಬಟ್ಟೆ ಇಲ್ಲದೆ ಕಲ್ಲು ಸುರಿದರೆ ಸಂದಿಗಳಿಂದ ಮರಳು ಹೀರಿಹೋಗಿ ಕಲ್ಲುಗಳು ಕೆಳಗಿಳಿಯುತ್ತವೆ.

ತಡೆಗೋಡೆ ಇದ್ದರೆ ಅದರ ಹಿಂದಿನ ನೀರು ಗೋಡೆಯ ದೊಡ್ಡ ಶತ್ರು. ಉಕ್ಕಿದ ಕಡಲು ವೇಗವಾಗಿ ಇಳಿದಾಗ ಮುಂಬದಿಯ ನೀರಿನ ಆಸರೆ ತಪ್ಪುತ್ತದೆ, ಹಿಂಬದಿಯ ನೆನೆದ ಮಣ್ಣಿನ ಒತ್ತಡ ಹಾಗೆಯೇ ಉಳಿಯುತ್ತದೆ; ಅನೇಕ ಗೋಡೆಗಳು ಬಿರುಗಾಳಿಯ ಹೊತ್ತಿನಲ್ಲಿ ಅಲ್ಲ, ಅದು ಕಳೆದ ಮೇಲೆ ಮುಂದಕ್ಕೆ ವಾಲುವುದು ಇದರಿಂದ. ಗೋಡೆಯ ಹಿಂದೆ ಜಲ್ಲಿಯ ಪದರ, ಅದಕ್ಕೆ ಬಟ್ಟೆಯ ಹೊದಿಕೆ, ಗೋಡೆಯಲ್ಲಿ ಸಾಲುಸಾಲಾಗಿ ಸೋರುರಂಧ್ರಗಳು ಇರಬೇಕು. ಉಪ್ಪಿನ ಗಾಳಿಗೆ ಒಡ್ಡುವ ಲೋಹದ ಭಾಗಗಳು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವಾಗಿರಲಿ. ಸಾಧ್ಯವಾದಲ್ಲಿ ಪ್ಲಾಸ್ಟಿಕ್ ಕೊಳವೆ ಬಳಸಿ.

ದಡದ ಅಂಚಿನ ಯಾವ ಕೆಲಸಕ್ಕೂ ಅನುಮತಿ ಬೇಕಾಗುತ್ತದೆ. ಹೊರಬಾಯಿಯ ಜಾಗವನ್ನು ಅರ್ಜಿಯ ಮೊದಲ ಪ್ರತಿಯಲ್ಲೇ ತೋರಿಸುವುದು ಜಾಣತನ, ನಂತರ ಸೇರಿಸಲು ಹೊರಟರೆ ಇಡೀ ಕಡತ ಹಿಂದಕ್ಕೆ ಬರುತ್ತದೆ.

ಹತ್ತನೆಯ ಹಂತ: ಕಟ್ಟುವ ಕಾಲದ ಕೆಸರು

ರೆಸಾರ್ಟಿನ ಇಡೀ ಆಯುಷ್ಯದಲ್ಲಿ ಜಲರಾಶಿಗೆ ಅತಿ ಹೆಚ್ಚು ಹೂಳು ಹೋಗುವುದು ಸಾಮಾನ್ಯವಾಗಿ ಕಟ್ಟುವ ತಿಂಗಳುಗಳಲ್ಲಿಯೇ. ಆದ್ದರಿಂದ ಬುನಾದಿ ಅಗೆಯುವ ಮೊದಲೇ ದಡದ ಬದಿಯ ಹೂಳುಬೇಲಿ, ತಾತ್ಕಾಲಿಕ ಕಾಲುವೆ ಮತ್ತು ಹೂಳು ತಂಗುವ ಕೊಳ ಸಿದ್ಧವಾಗಿರಬೇಕು. ಹೂಳುಬೇಲಿಯ ಬಟ್ಟೆಯ ಕೆಳಅಂಚನ್ನು ಮಣ್ಣಿನಲ್ಲಿ 15 ಸೆಂಟಿಮೀಟರ್ ಹೂಳದಿದ್ದರೆ ನೀರು ಅಡಿಯಿಂದ ನುಸುಳಿ ಹೋಗುತ್ತದೆ, ಬೇಲಿ ಬರೀ ತೋರಿಕೆಗೆ ನಿಂತಿರುತ್ತದೆ. ಮರಗಿಡ ತೆರವನ್ನು ಒಂದೇ ಸಲಕ್ಕೆ ಮಾಡದೆ, ಕಟ್ಟುವ ಭಾಗಕ್ಕೆ ತಕ್ಕಂತೆ ಹಂತಹಂತವಾಗಿ ಮಾಡಿ. ಇಂಗುಗುಂಡಿ ಮತ್ತು ಮಳೆತೋಟಗಳನ್ನು ಕಟ್ಟಡ ಕೆಲಸ ಮುಗಿದು ನೆಲಕ್ಕೆ ಹುಲ್ಲು ಹತ್ತಿದ ಮೇಲೆಯೇ ತೆರೆಯಬೇಕು. ಸಿಮೆಂಟು ಬೆರೆತ ಕೆಸರುನೀರು ಒಮ್ಮೆ ಇಳಿದರೆ ಅವುಗಳ ಮಣ್ಣನ್ನೇ ಬದಲಿಸಬೇಕಾಗುತ್ತದೆ. ಗುಂಡಿಯ ಜಾಗದ ಮೇಲೆ ಭಾರದ ಯಂತ್ರಗಳು ಓಡಾಡದಂತೆ ಹಗ್ಗ ಕಟ್ಟಿಡುವುದೂ ಅಷ್ಟೇ ಮುಖ್ಯ.

ಹನ್ನೊಂದನೆಯ ಹಂತ: ಪರೀಕ್ಷೆ, ಹಸ್ತಾಂತರ, ಪಾಲನೆ

ಕೊಳವೆಗಳನ್ನು ಮಣ್ಣು ಮುಚ್ಚುವ ಮೊದಲು ಪ್ರತಿಯೊಂದು ಚೇಂಬರಿನ ತಳದ ಮಟ್ಟವನ್ನು ಸ್ವತಂತ್ರ ಭೂಮಾಪಕರಿಂದ ಅಳೆಯಿಸಿ. ಗುತ್ತಿಗೆದಾರರ ಅಳತೆಯೊಂದನ್ನೇ ನೆಚ್ಚಬೇಡಿ. 300ಕ್ಕೆ 1ರ ವಾಟವೆಂದರೆ ಹತ್ತು ಮೀಟರಿಗೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಕಣ್ಣಂದಾಜಿಗೆ ಸಿಗುವಂಥದ್ದಲ್ಲ. ನಂತರ ಒಳಚರಂಡಿಗೆ ಬಣ್ಣದ ನೀರು ಬಿಟ್ಟು ಮಳೆಗಾಲುವೆಯ ಹೊರಬಾಯಿಯಲ್ಲಿ ಬಣ್ಣ ಕಾಣುತ್ತದೆಯೇ ನೋಡಿ. ಕಂಡರೆ ಎಲ್ಲೋ ತಪ್ಪು ಜೋಡಣೆಯಾಗಿದೆ. ದೊಡ್ಡ ಉಬ್ಬರದ ದಿನ ಕವಾಟದ ಒಳಬದಿಯಲ್ಲಿ ನಿಂತು ನೀರು ಹಿಂದೆ ಬರುತ್ತಿದೆಯೇ ಎಂದು ಪರೀಕ್ಷಿಸಿ.

ಪಾಲನೆಯ ಪುಸ್ತಕ ಚಿಕ್ಕದಾಗಿರಲಿ, ಇಲ್ಲದಿದ್ದರೆ ಯಾರೂ ತೆರೆಯುವುದಿಲ್ಲ. ಮಳೆಗಾಲಕ್ಕೆ ಮುನ್ನ ಕಾಲುವೆ, ಮೋರಿ, ಚೇಂಬರುಗಳ ಹೂಳೆತ್ತುವುದು. ತಿಂಗಳಿಗೊಮ್ಮೆ ಕವಾಟದ ಚಿಪ್ಪು ಕೆರೆದು ತೆಗೆಯುವುದು. ಪ್ರತಿ ಭಾರೀ ಮಳೆಯ ನಂತರ ಜಾಲರಿಗಳ ಎಲೆಕಸ ತೆಗೆದು ಹೊರಬಾಯಿಯ ಪಿಚಿಂಗ್ ನೋಡುವುದು. ಪಂಪಿದ್ದರೆ ವಾರಕ್ಕೊಮ್ಮೆ ಜನರೇಟರಿನ ಮೇಲೆ ಓಡಿಸುವುದು. ಪ್ರತಿ ಕೆಲಸದ ಎದುರು ಮಾಡುವವರ ಹುದ್ದೆ ಬರೆದಿರಲಿ. ಇದರ ಜೊತೆಗೆ, ಕಟ್ಟಿದ ಮೇಲೆ ಅಳೆದ ಮಟ್ಟಗಳ ನಕ್ಷೆಯ ಒಂದು ಪ್ರತಿಯನ್ನು ವ್ಯವಸ್ಥಾಪಕರ ಕಚೇರಿಯಲ್ಲೂ ಇನ್ನೊಂದನ್ನು ತೋಟಗಾರಿಕೆಯ ಮೇಲ್ವಿಚಾರಕರ ಬಳಿಯೂ ಇಡಬೇಕು. ಹೊಸ ಹೂಪಾತಿಗಾಗಿ ಹುಲ್ಲುಗಾಲುವೆಗೆ ಎರಡು ಗಾಡಿ ಮಣ್ಣು ಸುರಿಸುವ ನಿರ್ಧಾರ ಬಹುಪಾಲು ಆಗುವುದು ಎಂಜಿನಿಯರ್ ಇಲ್ಲದ ಹೊತ್ತಿನಲ್ಲಿ, ಆ ಎರಡನೆಯ ಮೇಜಿನಲ್ಲಿ.